ಕಾಗೆ ಓಡಿಸಲು ಹಾಕಿಸಿದ ಕ್ಯಾಮೆರಾ

ಮುಟ್ಟಳ್ಳಿಯಲ್ಲಿರುವ ನನ್ನ ತಂಗಿಯ ಮನೆಗೆ ನಾನು ಹೋಗುವುದು ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ. ಆದರೂ ಆ ಮನೆಯ ಅಂಗಳದ ಸುದ್ದಿ ಪೂರಾ ನನಗೆ ಬಾಯಿಪಾಠ. ತುಳಸಿಕಟ್ಟೆಗೆ ಎಷ್ಟು ಹೊತ್ತಿಗೆ ನೀರು ಬಿತ್ತು, ಹಗ್ಗದ ಮೇಲೆ ಯಾವ ಬಣ್ಣದ ಸೀರೆ ಒಣಗುತ್ತಿದೆ, ಗೇಟಿನ ಹತ್ತಿರ ಯಾರ ಬೈಕು ನಿಂತಿದೆ, ಎಲ್ಲವೂ ಗೊತ್ತು. ಹೇಗೆ ಅಂತೀರೋ? ನನ್ನ ಮನೆಯ ಜಗುಲಿಯಲ್ಲಿ ಕೂತು, ನಾನು ಬಡಿಸಿದ್ದನ್ನು ಉಂಡು, ನನ್ನ ಹೆತ್ತವಳು ಬೆಳಗಿನಿಂದ ಸಂಜೆಯವರೆಗೆ ಮೊಬೈಲಿನಲ್ಲಿ ಆ ಅಂಗಳವನ್ನೇ ನೋಡುತ್ತಿದ್ದಳು.

ನಾವು ಅಮ್ಮನಿಗೆ ಆಯಿ ಎನ್ನುವವರು. ನಮಗೆ ಅಣ್ಣತಮ್ಮಂದಿರಿಲ್ಲ, ನಾವಿಬ್ಬರೇ ಹೆಣ್ಣುಮಕ್ಕಳು. ನನ್ನನ್ನು ತದಡಿಯಲ್ಲೇ, ತವರಿಗೆ ಕೂಗಳತೆಯಲ್ಲಿ ಕೊಟ್ಟರು. ಅಪ್ಪ ಹೋದ ಮೇಲೆ ಆಯಿ ನನ್ನ ಜೊತೆಗೇ ಇದ್ದಳು. ನನ್ನ ಗಂಡ ಬೋಟಿನ ಮೇಲೆ ಹೋಗುತ್ತಾರೆ. ನಾನು ಬಂದರಿನಲ್ಲಿ ಮೀನು ಕೊಂಡು ತಂದು, ಉಪ್ಪು ಹಾಕಿ, ಮನೆಯ ಹಿಂದಿನ ಅಂಗಳದಲ್ಲಿ ಒಣಗಿಸಿ ಕುಮಟಾ ಪೇಟೆಗೆ ಕೊಡುತ್ತೇನೆ. ಬಂಗಡೆ, ಬೂತಾಯಿ ಅನ್ನುವ ತಾರ್ಲೆ, ಶೆಟ್ಲಿ ಎಂಬ ಸಣ್ಣ ಸಿಗಡಿ, ಕಾಲಕ್ಕೆ ಬಂದದ್ದು. ಒಣಮೀನಿನ ಕೆಲಸದಲ್ಲಿ ಉಪ್ಪು ಹಾಕುವುದು ದೊಡ್ಡದಲ್ಲ, ಬಿಸಿಲು ದೇವರು ಕೊಡುತ್ತಾನೆ. ದೊಡ್ಡದು ಕಾಯುವುದು. ಕಣ್ಣು ಅತ್ತ ತಿರುಗಿದರೆ ಕಾಗೆ, ಇತ್ತ ತಿರುಗಿದರೆ ಬೆಕ್ಕು. ಆ ಕೆಲಸ ಆಯಿಯದು. ಉದ್ದದ ಬಿದಿರು ಕೋಲಿನ ತುದಿಗೆ ಹರಕು ಪ್ಲಾಸ್ಟಿಕ್ ಕಟ್ಟಿಕೊಂಡು ತೆಂಗಿನ ಮರದ ನೆರಳಿನಲ್ಲಿ ಕೂತಳೆಂದರೆ ಕಾಗೆಗಳು ಆಚೆ ಬೇಲಿಯಿಂದಲೇ ವಾಪಸು. ಅವಳು 'ಹಾ!' ಅಂತ ಒಂದು ಕೂಗು ಹಾಕಿದರೆ ನಮ್ಮ ಮನೆಯ ಪಾತ್ರೆಗಳೂ ಬೆಚ್ಚುತ್ತಿದ್ದವು.

ತಂಗಿಗೆ ಭಟ್ಕಳ ಕಡೆ, ಮುಟ್ಟಳ್ಳಿಯಲ್ಲಿ ಸಂಬಂಧ ಕೂಡಿತು. ಗಂಡನಿಗೆ ಸಂಬಳದ ಕೆಲಸ. ಗೇಟು, ಕಾಂಪೌಂಡು, ಟೈಲ್ಸ್ ಹಾಕಿದ ಅಂಗಳ. ನೋಡಿ ಹೊಟ್ಟೆ ಉರಿಯಿತೇ ಎಂದರೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದು ಸಣ್ಣ ಉರಿ, ಹುಷಾರಾಗಿ ಮುಚ್ಚಿಟ್ಟುಕೊಂಡಿದ್ದೆ. ಹಿತ್ತಲಿನ ತೆಂಗಿನಕಾಯಿ ಯಾರೋ ಕದ್ದರು ಅಂತ ಆಕೆಯ ಗಂಡ ಮನೆಗೆ ವೈಫೈ ಕ್ಯಾಮೆರಾ ಹಾಕಿಸಿದ. ಮುಂದೆ ಒಂದು, ಹಿಂದೆ ಒಂದು, ಗೇಟಿಗೆ ಒಂದು. ಚೌತಿಗೆ ಇಲ್ಲಿ ಬಂದಾಗ ತಂಗಿ ಆಯಿಯ ಮೊಬೈಲ್ ಕೇಳಿ ತೆಗೆದುಕೊಂಡು ಏನೋ ಒತ್ತಿದಳು. "ಆಯಿ, ಈ ನೀಲಿ ಗುರ್ತು ಒತ್ತು. ನಮ್ಮನೆ ಕಾಣ್ತದೆ. ನಿಂಗೆ ನನ್ನ ನೆನಪಾದ್ರೆ ನೋಡು," ಅಂದಳು.

ಆವತ್ತಿನಿಂದ ಆಯಿಗೆ ತಂಗಿಯ ನೆನಪು ಬಿಟ್ಟುಹೋಗಲೇ ಇಲ್ಲ.

"ಇಕಾ, ಬಾಗ್ಲು ತೆಗೀತು." "ಇವತ್ತು ಹಸ್ರು ಸೀರೆ. ನಾ ಕೊಟ್ಟದ್ದೇ ಅಲ್ದನೇ ಅದು?" "ಅಯ್ಯೋ, ಹಾಲಿನವ ಬಂದು ನಿಂತಿದ್ದಾನೆ, ಇದು ಒಳಗೆ ಎಂತ ಮಾಡ್ತದೆ?" ಜಗುಲಿಯಿಂದ ಅಡುಗೆಮನೆಗೆ ಕೇಳುವಂತೆ ಈ ವಿವರಣೆ. ನಮ್ಮ ಕಡೆ ಮನೆಯ ಹೆಂಗಸರಿಗೂ 'ಅದು', 'ಇದು' ಎನ್ನುವುದೇ ರೂಢಿ. ನಾನು ಒಲೆಯ ಮುಂದೆ ಬೆವರು ಸುರಿಸುತ್ತಾ ಇದ್ದರೆ, ಆಯಿ ಮುಟ್ಟಳ್ಳಿಯ ಹಾಲಿನವನಿಗೆ ಕನಿಕರಪಡುತ್ತಿದ್ದಳು. ಹಸಿರು ಸೀರೆ ಕೊಟ್ಟದ್ದು ಅವಳಲ್ಲ, ನಾನು. ಅದನ್ನು ಹೇಳಿದರೆ "ಹೌದನೇ?" ಅಂದು ಮತ್ತೆ ಮೊಬೈಲಿಗೆ ಕಣ್ಣು. ಅತ್ತ ಕಾಗೆಗಳಿಗೆ ಹಬ್ಬ. ಒಂದು ಮಧ್ಯಾಹ್ನ ಹೋಗಿ ನೋಡುತ್ತೇನೆ, ಬಿದಿರು ಕೋಲಿನ ಮೇಲೆಯೇ ಕಾಗೆ ಕೂತು ಬಂಗಡೆ ತಿನ್ನುತ್ತಿದೆ! ಆಯಿ ನೆರಳಿನಲ್ಲಿ ಕೂತು ನಗುತ್ತಿದ್ದಾಳೆ, ಮೊಬೈಲಿಗೆ.

ನನಗೆ ಆ ಬಂಗಡೆಯ ಸಂಕಟ ಇರಲಿಲ್ಲ. ನಾನು ದಿನಕ್ಕೆ ನೂರು ಸಲ ಅವಳ ಮುಂದೆ ಓಡಾಡುತ್ತೇನೆ. ಒಂದು ಸಲವಾದರೂ "ಇವತ್ತು ನೀ ಯಾವ ಸೀರೆ ಉಟ್ಟಿದ್ಯೇ" ಅಂತ ಕೇಳಿದ್ದುಂಟೇ? ಔಷಧಿ ಕೊಡುವವಳು ನಾನು, ಕಾಲು ತಿಕ್ಕುವವಳು ನಾನು, ಕಣ್ಣು ಮಾತ್ರ ತಂಗಿಗೆ. ಆ ಕಣ್ಣು ನನಗೆ ಬೇಕಿತ್ತು. ಬೇರೆ ಏನೂ ಅಲ್ಲ.

"ನಮ್ಮನೆಗೂ ಕ್ಯಾಮೆರಾ ಹಾಕ್ಸುವಾ," ಅಂದೆ ಗಂಡನಿಗೆ.

"ಎಂತಕ್ಕೆ? ನಮ್ಮನೇಲಿ ಕದಿಯುಕೆ ಎಂತ ಅದೆ?"

"ಮೀನು."

"ಅದ್ಕೆ ಆಯಿ ಅದೆ ಅಲ್ದಾ?"

ನಾನು ಪಾತ್ರೆ ಕುಕ್ಕಿದೆ. ಆ ಸದ್ದಿಗೆ ಅವರಿಗೆ ಅರ್ಧ ಅರ್ಥವಾಯಿತು. ಉಳಿದರ್ಧ ಕೇಳುವ ಧೈರ್ಯ ಮಾಡಲಿಲ್ಲ. ಬೋಟಿನ ಇಂಜಿನ್ನಿನ ಏನೋ ಸಾಮಾನು ತರಲು ಹೊನ್ನಾವರಕ್ಕೆ ಹೋಗುವುದಿತ್ತು, ನನ್ನನ್ನೂ ಕರೆದುಕೊಂಡು ಹೋದರು.

ಹೊನ್ನಾವರದ ಆ ಅಂಗಡಿಯಲ್ಲಿ ಗೋಡೆ ತುಂಬ ಕ್ಯಾಮೆರಾಗಳು, ಎಲ್ಲವೂ ನನ್ನನ್ನೇ ನೋಡುತ್ತಿದ್ದವು. ಅಂಗಡಿಯವರು ಸಮಾಧಾನದ ಮನುಷ್ಯ. "ಎಂತಕ್ಕೆ ಬೇಕಮ್ಮ? ಕಳ್ಳರ ಕಾಟವಾ?" ಎಂದರು. "ಕಾಗೆ ಕಾಟ," ಅಂದೆ. ಗಂಡ ಅತ್ತ ತಿರುಗಿ ಸೀಲಿಂಗ್ ಫ್ಯಾನ್ ನೋಡಿದರು. ಅಂಗಡಿಯವರು ನಗಲಿಲ್ಲ. ಅಂಗಳದಲ್ಲಿ ಪ್ಲಗ್ಗು ಇದೆಯಾ, ಮನೆಯಿಂದ ಬೇಲಿಯ ಕೊನೆಯ ಕಂಬ ಎಷ್ಟು ದೂರ, ಕರೆಂಟು ಹೋಗುವುದು ಎಷ್ಟು, ಎಲ್ಲ ಕೇಳಿದರು. ಪ್ಲಗ್ಗು ಇಲ್ಲ, ದೂರ ಅಂದರೆ ಆಯಿ ಕೂಗಿದರೆ ಕೇಳುವಷ್ಟು, ಕರೆಂಟಿನ ಮಾತು ಎತ್ತಬೇಡಿ ಅಂದೆ.

"ಹಂಗಾರೆ ವೈಫೈದು ಬೇಡ," ಎಂದರು. "ಅದಕ್ಕೆ ಪ್ರತಿ ಕ್ಯಾಮೆರಾದ ಹತ್ರಾನೂ ಕರೆಂಟು ಬೇಕು. ಗೋಡೆ ಅಡ್ಡ ಬಂದ್ರೆ ಸಿಗ್ನಲ್ಲೂ ತಡವರಿಸ್ತದೆ. ನಿಮಗೆ ಪಿಒಇ ಅಂತ ಬರ್ತದೆ, ಅದು ಸರಿ. ಒಂದೇ ತಂತಿ. ಆ ತಂತಿಯಲ್ಲೇ ಕರೆಂಟು ಹೋಗ್ತದೆ, ಅದೇ ತಂತಿಯಲ್ಲಿ ಚಿತ್ರ ಬರ್ತದೆ. ಎಲ್ಲ ತಂತಿ ಮನೆ ಒಳಗಿನ ಒಂದು ಪೆಟ್ಟಿಗೆಗೆ. ಆ ಪೆಟ್ಟಿಗೆಗೆ ಒಂದು ಯುಪಿಎಸ್ ಇಟ್ರೆ, ಊರಿಗೆಲ್ಲ ಕತ್ತಲಾದ್ರೂ ನಿಮ್ಮ ಕ್ಯಾಮೆರಾ ಕಣ್ಣು ಮುಚ್ಚುದಿಲ್ಲ."

"ವೈಫೈದಕ್ಕಿಂತ ಇದು ಒಳ್ಳೇದಾ?"

"ನಿಮ್ಮ ಜಾಗಕ್ಕೆ ಇದೇ ಒಳ್ಳೇದು."

"ಅಂದ್ರೆ ವೈಫೈದು ಇದ್ಕಿಂತ ಕೆಳಗೆ ಅಲ್ವಾ?"

ಗಂಡ ಕೆಮ್ಮಿದರು. ಅಂಗಡಿಯವರು ನನ್ನ ಮುಖ ನೋಡಿ, "ಹೌದು ಅಂತಲೇ ಇಟ್ಕೊಳ್ಳಿ," ಎಂದರು. ಆ ಮಾತಿನ ತಂಪು ಬಸ್ಸಿನಲ್ಲಿ ಕುಮಟಾ ಮುಟ್ಟುವವರೆಗೂ ಇತ್ತು.

ಆರಿಸುವ ಕೆಲಸ ಮಾತ್ರ ಸುಲಭವಾಗಿರಲಿಲ್ಲ. ತಂತಿಯಲ್ಲಿ ಎರಡು ತರ. ಒಂದು ಪೂರಾ ತಾಮ್ರ, ಇನ್ನೊಂದು ಒಳಗೆ ಅಲ್ಯುಮಿನಿಯಂ, ಮೇಲೆ ತಾಮ್ರದ ಲೇಪ. ಕರೆಂಟೂ ಅದರಲ್ಲೇ ಹೋಗಬೇಕಾದ್ದರಿಂದ ಪೂರಾ ತಾಮ್ರದ್ದೇ ಬೇಕು, ಹೊರಗೆ ಬಿಸಿಲು ಮಳೆಗೆ ತಡೆಯುವ ಕಪ್ಪು ಸಿಪ್ಪೆಯದ್ದು ಬೇಕು ಅಂದರು. ಕ್ಯಾಮೆರಾದ ಮೈ ಲೋಹದ್ದು ಚಂದ, ಆದರೆ ಉಪ್ಪುಗಾಳಿಗೆ ಪ್ಲಾಸ್ಟಿಕ್ಕೇ ವಾಸಿ. ಇದೆಲ್ಲ ಒಪ್ಪಿದೆ. ಪೆಟ್ಟಿಗೆಯ ಮಾತು ಬಂದಾಗ ಜಗಳ ಹತ್ತಿತು. ನಾಲ್ಕು ಕ್ಯಾಮೆರಾದ್ದೋ, ಎಂಟರದ್ದೋ? ತಂಗಿಯ ಮನೆಯಲ್ಲಿ ಮೂರು. ನಾನು ಎಂಟು ಅಂದೆ.

"ಎಂಟು ಹಾಕ್ಸಿ ಎಂತ ನೋಡುದು? ನನ್ನ ಹಲ್ಲಾ?" ಎಂದರು ಗಂಡ.

ಕೊನೆಗೆ ಅಂಗಡಿಯವರೇ ಬಿಡಿಸಿದರು. ಪೆಟ್ಟಿಗೆ ಎಂಟರದ್ದು ಇರಲಿ, ಕ್ಯಾಮೆರಾ ಸದ್ಯ ನಾಲ್ಕು, ಬೇಕಾದರೆ ಮುಂದೆ ಸೇರಿಸಬಹುದು. ಮೂರಕ್ಕಿಂತ ನಾಲ್ಕು ಹೆಚ್ಚೇ ಅಂತ ನಾನೂ ಸುಮ್ಮನಾದೆ. ಆಗ ಅವರು ಇನ್ನೊಂದು ತೆಗೆದು ತೋರಿಸಿದರು. ಅದರಲ್ಲಿ ಸ್ಪೀಕರ್ ಇದೆ, ಮೊಬೈಲಿನಿಂದ ಮಾತಾಡಿದರೆ ಅಲ್ಲಿ ಕೇಳುತ್ತದೆ. ನಾನು ಅಂಗಡಿಯ ಹೊರಗೆ ಬಂದು ತಂಗಿಗೆ ಫೋನ್ ಮಾಡಿದೆ. ಹೇಗಿದ್ದೀಯೇ, ಉಂಡ್ಯಾ ಎಂದೆಲ್ಲ ಕೇಳಿ, ಮಾತಿನ ನಡುವೆ ಸುಮ್ಮನೆ ಎಂಬಂತೆ, "ನಿಮ್ಮ ಕ್ಯಾಮೆರಾದಲ್ಲಿ ಮಾತಾಡುಕೆ ಆಗ್ತದನೇ?" ಅಂದೆ.

"ಇಲ್ಲ ಅಕ್ಕ. ಬರೀ ನೋಡುದು. ಎಂತಕ್ಕೆ?"

"ಸುಮ್ನೆ," ಅಂದು ಇಟ್ಟು, ಒಳಗೆ ಹೋಗಿ ನಾಲ್ಕರಲ್ಲಿ ಒಂದು ಸ್ಪೀಕರ್ ಇದ್ದದ್ದೇ ಹಾಕಿ ಅಂದೆ.

ಅಂಗಡಿಯ ಕೆಲಸದವರು ಬಂದು ಬೇಲಿಗುಂಟ ತಂತಿ ಎಳೆದು, ಕಂಬಗಳಿಗೆ ಕ್ಯಾಮೆರಾ ಕೂಡಿಸಿ, ಜೋಡಣೆಗಳಿಗೆಲ್ಲ ರಬ್ಬರಿನ ಟೇಪು ಸುತ್ತಿ, "ಇದನ್ನು ಮುಟ್ಟಬೇಡಿ ಅಕ್ಕ" ಅಂತ ಹೇಳಿ ಹೋದರು. ಸ್ಪೀಕರಿನದು ಅಂಗಳದ ನಡುವಿನ ಕಂಬಕ್ಕೆ. ಗಂಡ ಆಯಿಯ ಮೊಬೈಲಿಗೂ ನಮ್ಮ ಅಂಗಳವನ್ನು ಹಾಕಿ ಕೊಟ್ಟರು. ನೀಲಿ ಗುರುತಿನ ಪಕ್ಕದಲ್ಲಿ ಕೆಂಪು ಗುರುತು. ನಾನು ಟಿವಿಗೂ ಹಾಕಿಸಿದ್ದೆ. ಒಂದೇ ಪರದೆಯ ಮೇಲೆ ನಾಲ್ಕು ಮೂಲೆಯಲ್ಲಿ ನಾಲ್ಕು ಅಂಗಳ. ಒಳ್ಳೆಯ ಸೀರೆ ಉಟ್ಟು, ಕೋಲು ಹಿಡಿದು, ಮೀನಿನ ಮಧ್ಯೆ ಎರಡು ಸುತ್ತು ಬಂದು ಒಳಗೆ ಬಂದೆ.

"ಕಂಡೆನಾ ಆಯಿ?"

"ಕಂಡೆ," ಅಂದಳು ಆಯಿ. "ಇದ್ರಲ್ಲಿ ಎಂತ ನೋಡುದೇ? ಬಾಗ್ಲಲ್ಲಿ ನಿಂತ್ರೆ ಕಾಣ್ತದೆ." ಮತ್ತೆ ನೀಲಿ ಗುರುತು ಒತ್ತಿದಳು.

ನನ್ನ ಮೈಯೆಲ್ಲ ಉರಿದುಹೋಯಿತು. ಆ ಕ್ಷಣದಲ್ಲಿ ನಾಲಿಗೆ ನನ್ನ ಮಾತು ಕೇಳಲಿಲ್ಲ. "ಅಷ್ಟು ನೋಡುಕೆ ಬೇಕಾದ್ರೆ ಅಲ್ಲೇ ಹೋಗಿ ಕೂಕೋ! ಇಲ್ಲಿ ಎಂತಕ್ಕೆ ಇದ್ದೀ?" ಅಂದುಬಿಟ್ಟೆ. ಆಯಿ ನನ್ನನ್ನು ಒಂದು ಸಲ ಪೂರ್ತಿ ನೋಡಿದಳು. ಎಷ್ಟೋ ತಿಂಗಳ ಮೇಲೆ ಅಷ್ಟು ಹೊತ್ತು ನನ್ನ ಮುಖ ನೋಡಿದ್ದು ಆವತ್ತೇ ಇರಬೇಕು. "ಆತು," ಅಂದಳು, ಅಷ್ಟೇ. ಮಾರನೆಯ ದಿನ ಚೀಲದಲ್ಲಿ ನಾಲ್ಕು ಸೀರೆ, ತಂಗಿಗೆ ಒಣ ಶೆಟ್ಲಿ ಹಾಕಿಕೊಂಡು, ಗಂಡನ ಜೊತೆ ಕುಮಟಾಕ್ಕೆ ಹೋಗಿ ಭಟ್ಕಳದ ಬಸ್ಸು ಹತ್ತಿದಳು. ಶೆಟ್ಲಿ ಕಟ್ಟಿಕೊಟ್ಟದ್ದು ನಾನೇ. ಒಳ್ಳೆಯದನ್ನೇ ಆರಿಸಿ ಕಟ್ಟಿದೆ, ಸಿಟ್ಟಿನಲ್ಲಿ.

ಮನೆ ಬಿಕೋ ಅಂದಿತು. ಹಾಲಿನವನ ಸುದ್ದಿ ಇಲ್ಲ, ಹಸಿರು ಸೀರೆಯ ಸುದ್ದಿ ಇಲ್ಲ. ಆಯಿ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ನಾನೇ ಯಾಕೆ ಮಾಡಬೇಕು? ಈಗ ಅವಳಿಗೆ ಮೊಬೈಲೂ ಬೇಡ, ಟೈಲ್ಸಿನ ಅಂಗಳದಲ್ಲಿ ಕೂತು ಚಿಕ್ಕ ಮಗಳನ್ನು ಕಣ್ತುಂಬ ನೋಡುತ್ತಿರಬಹುದು ಅಂತ ನೆನೆದು ನೆನೆದು ಬೇಯುತ್ತಿದ್ದೆ. ಕೋಲು ಹಿಡಿದು ನಾನೇ ಕೂತೆ. ನನ್ನ ಕೂಗಿಗೆ ಕಾಗೆಗಳು ಬೆಲೆಯನ್ನೇ ಕೊಡಲಿಲ್ಲ.

ಹಾಗೆ ಕೂತಾಗಲೇ ಕಂಡದ್ದು, ಬೇಲಿಯ ತಂತಿಯ ಮೇಲೆ ಬೆಳ್ಳಗೆ ಉಪ್ಪು ಹಿಡಿದಿತ್ತು. ಸಮುದ್ರದ ಗಾಳಿಗೆ ನಮ್ಮ ಕಡೆ ಕಿಟಕಿಯ ಸರಳೇ ಉಳಿಯುವುದಿಲ್ಲ, ಈ ತಂತಿಯ ತುದಿಯ ಸಣ್ಣ ಕ್ಲಿಪ್ಪು ಎಷ್ಟು ದಿನ? ಹಾಳಾದರೆ ತಂಗಿಯ ಮುಂದೆ ನನ್ನ ಮುಖ ಎಲ್ಲಿ ಉಳಿಯಿತು? ಉಪ್ಪಿಗೆ ಏನು ಮಾಡಬೇಕು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಪ್ಪ ದೋಣಿಯನ್ನು ದಡಕ್ಕೆ ಎಳೆದು, ತಾರ್ಲೆಯ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ, ಹಲಗೆಗೂ ಮೊಳೆಗೂ ತಿಕ್ಕುವುದನ್ನು ನೋಡಿಯೇ ಬೆಳೆದವಳು. ಆ ಎಣ್ಣೆ ಕುಡಿದ ದೋಣಿಗೆ ಉಪ್ಪು ನೀರು ಏನೂ ಮಾಡುತ್ತಿರಲಿಲ್ಲ. ಅಟ್ಟದ ಮೇಲೆ ಒಂದು ಬಾಟಲಿ ಇತ್ತು. ಇಳಿಸಿದೆ. ಟೇಪು ಬಿಚ್ಚಿ, ಕ್ಲಿಪ್ಪುಗಳಿಗೆ ಒಂದೊಂದು ಹನಿ ಬಿಟ್ಟು, ಮತ್ತೆ ಸುತ್ತಿ, ಇರಲಿ ಅಂತ ಬೇಲಿಗುಂಟ ಇಡೀ ತಂತಿಗೆ ದೋಣಿಗೆ ತಿಕ್ಕಿದ ಹಾಗೆ ತಿಕ್ಕಿದೆ. ಕಪ್ಪು ತಂತಿ ಮಿರಮಿರ ಮಿಂಚಿತು. ಇಂಥ ಉಪಾಯ ಮುಟ್ಟಳ್ಳಿಯವರಿಗೆ ಹೊಳೆಯುತ್ತದಾ ಅಂತ ಬೀಗಿದೆ.

ಹೊಳೆಯುವುದಿಲ್ಲ, ನಿಜ. ಅವರಿಗೆ ಅಷ್ಟು ಬುದ್ಧಿ ಕೆಟ್ಟಿಲ್ಲ.

ಮರುದಿನ ಬೆಳಿಗ್ಗೆ ಬಂದರಿನಿಂದ ಮೀನು ತಂದು ಒಳಗೆ ಸೀಳುತ್ತಾ ಕೂತಿದ್ದೆ. ಫೋನ್ ಹೊಡೆದುಕೊಂಡಿತು. ಆಯಿ.

"ಎಲ್ಲಿ ಹೋಗಿದ್ಯೇ ನೀ? ಅಷ್ಟೊತ್ತಿಂದ ಫೋನ್ ಮಾಡ್ತೇ ಇದ್ದೆ! ಬೇಲಿ ಬದಿದು ಕಪ್ಪಾತು, ಎಂತಾತು ಅದ್ಕೆ?"

"ಎಂತ ಕಪ್ಪಾತು?"

"ಕ್ಯಾಮೆರಾನೇ, ಮಾರಾಯ್ತಿ! ಊರ ಬೆಕ್ಕೆಲ್ಲ ಬಂದು ತಂತಿ ನೆಕ್ತಾ ಇತ್ತು. ಆ ಬಾಲ ತುಂಡಿನ ಬೆಕ್ಕು ಕಚ್ಚಿ ಎಳೀತು. ಆಮೇಲೆ ಕಾಣುದೇ ಇಲ್ಲ. ನೀ ನಿನ್ನೆ ಅದ್ಕೆ ಎಂತ ತಿಕ್ಕಿದ್ದೇ?"

ಮೀನಿನ ಕೈಯಲ್ಲೇ ಫೋನ್ ಹಿಡಿದು ನಿಂತುಬಿಟ್ಟೆ. ನಿನ್ನೆ ತಿಕ್ಕಿದ್ದು ಇವಳಿಗೆ ಹೇಗೆ ಗೊತ್ತು? "ನೀ ನೋಡ್ತಾ ಇದ್ಯಾ?" ಅಂದೆ.

"ಮತ್ತೆ ಎಂತ ಮಾಡುದು ಇಲ್ಲಿ ಕೂತು?" ಅಂದಳು ಆಯಿ. "ನೀ ಮೂರು ದಿನದಿಂದ ಆ ಹಳೇ ನೈಟಿಲೇ ಇದ್ದಿ. ಮಿಂದ್ಯಾ ಇಲ್ವಾ?"

ನಗು ಬಂತೋ ಅಳು ಬಂತೋ ಹೇಳಲಾರೆ. ಬಾಯಿಂದ ಬಂದದ್ದು ಮಾತ್ರ, "ನನ್ನ ನೈಟಿ ಸುದ್ದಿ ನಿಂಗೆಂತಕ್ಕೆ?" ಅಷ್ಟರಲ್ಲಿ ತಂಗಿ ಫೋನ್ ಕಸಿದುಕೊಂಡಳು. ಅವಳ ದನಿ ನನಗೆ ಚೆನ್ನಾಗಿ ಪರಿಚಯವಿದ್ದ ದನಿ. ಎಷ್ಟೋ ತಿಂಗಳಿಂದ ನನ್ನ ಗಂಟಲಲ್ಲೇ ಇದ್ದದ್ದು.

"ಅಕ್ಕ, ಎಂತ ಕ್ಯಾಮೆರಾ ಹಾಕ್ಸಿದ್ಯೇ ನೀನು? ಆಯಿ ಇಲ್ಲಿ ಬಂದು ನನ್ನ ಮೋರೆ ನೋಡ್ಲಿಲ್ಲ. ಅಡುಗೆ ಮಾಡಿ ಬಡಿಸಿದ್ರೆ ತಟ್ಟೆ ಬದೀಲಿ ಮೊಬೈಲು. 'ಇಕಾ ಉಪ್ಪು ಹಾಕ್ತು, ಇಕಾ ಮೀನು ಮಗುಚ್ತು.' ಇಲ್ಲಿ ಇದ್ದೂ ಇಲ್ಲ ಅದು. ನಿನ್ನದ್ರಲ್ಲಿ ಚಂದ ಕಾಣ್ತದಂತೆ, ನಮ್ಮದು ಮಸುಕಂತೆ. ಸಿಟ್ಟು ಬತ್ತದೆ ನಂಗೆ!"

"ಹೌದನೇ?" ಅಂದೆ. ಸ್ವಲ್ಪ ಹೊತ್ತು ಆ ಮಾತನ್ನು ಬಾಯಲ್ಲಿ ಬೆಲ್ಲದಂತೆ ಇಟ್ಟುಕೊಂಡೆ. 'ನಮ್ಮದು ಮಸುಕಂತೆ!' ಮತ್ತೊಮ್ಮೆ ಹೇಳು ಎನ್ನಬೇಕು ಅನ್ನಿಸಿತು.

ಹೊನ್ನಾವರದವರು ಬಂದು ಬೇಲಿಗುಂಟ ಮೂಸಿ ನೋಡಿ, "ಅಕ್ಕ, ಇದಕ್ಕೆ ಒಗ್ಗರಣೆ ಯಾರು ಹಾಕಿದ್ದು?" ಎಂದರು. ಗಂಡ ಬೋಟಿನವರಿಗೆಲ್ಲ ಹೇಳಿ ನಗಿಸಿದರು. ಹೋಗಲಿ. ಕಡಿದ ತಂತಿ ಬದಲಾಯಿಸಿ, ಉಳಿದದ್ದನ್ನು ಸೋಪಿನ ಬಟ್ಟೆಯಲ್ಲಿ ಒರೆಸಿ, ಕ್ಲಿಪ್ಪುಗಳನ್ನು ಹೊಸದಾಗಿ ಹಾಕಿ, ತಂತಿಯನ್ನು ಪೈಪಿನೊಳಗೆ ಹಾಯಿಸಿದರು. ಬೇಲಿ ಬದಿಯದು ಮತ್ತೆ ಕಣ್ಣು ಬಿಟ್ಟಿತು. ಒಂದು ಗಳಿಗೆಯಲ್ಲಿ ಆಯಿಯ ಫೋನ್: "ಬಂತು ಬಂತು, ಕಾಣ್ತದೆ."

"ಯಾವಾಗ ಬತ್ತೀ?" ಅಂದೆ, ಸಿಟ್ಟು ಇದ್ದವಳಂತೆಯೇ.

"ಬತ್ತೆ. ಎಂತ ಗಡಿಬಿಡಿ? ನೀ ಕಾಣ್ತೇ ಇದ್ಯಲ್ಲ."

ಫೋನ್ ಇಟ್ಟ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಆಯಿಯ ಕಣ್ಣು ದೂರ ಇದ್ದವರದು. ಎದುರಿಗಿದ್ದವರನ್ನು ಅವಳು ನೋಡುವುದಿಲ್ಲ, ಇದ್ದಾರೆ ಅಂತ ಬಿಟ್ಟುಬಿಡುತ್ತಾಳೆ. ನಾಳೆ ಬಂದು ನನ್ನ ಜಗುಲಿಯಲ್ಲಿ ಕೂತಳೋ, ಮತ್ತೆ ನೀಲಿ ಗುರುತು, ಮತ್ತೆ ಹಾಲಿನವ. ಅಲ್ಲೇ ಇದ್ದಳೋ, ಉಣ್ಣುವ ತಟ್ಟೆಯ ಪಕ್ಕದಲ್ಲೂ ನಾನು. ಬಾ ಎನ್ನಲೋ, ಅಲ್ಲೇ ಇರು ಎನ್ನಲೋ? ಬಾ ಅಂದರೆ ತಂಗಿ ಗೆದ್ದಳು, ಇರು ಅಂದರೂ ತಂಗಿಯೇ ಗೆದ್ದಳು. ಅವಳ ಮನೆಯಲ್ಲಿ ಆಯಿಯ ಕೈ ಮುಟ್ಟಬಹುದು, ನನ್ನ ಮನೆಯಲ್ಲಿ ಬರೀ ಕಂಬ. ಆದರೂ, ಅಯ್ಯೋ, ಆ ಕಣ್ಣು ಬಿಟ್ಟುಕೊಡಲು ನನಗೆ ಮನಸ್ಸು ಬರುತ್ತಿರಲಿಲ್ಲ. ಮಾರನೆಯ ದಿನ ಮಿಂದು, ಹೂ ಮುಡಿದು, ಒಳ್ಳೆಯ ಸೀರೆ ಉಟ್ಟು ಮೀನು ಒಣಗಿಸಲು ಹೋದೆ. ಅಂಥ ವೇಷದಲ್ಲಿ ತದಡಿಯಲ್ಲಿ ಯಾರೂ ತಾರ್ಲೆ ಹರಡಿದ್ದಿಲ್ಲ.

ಬಿಸಿಲು ಏರಿತು. ತೆಂಗಿನ ನೆರಳಿನಲ್ಲಿ ಆಯಿಯ ಜಾಗದಲ್ಲೇ ಕೂತೆ. ಒಂದು ಕಾಗೆ ಬೇಲಿಯ ಮೇಲೆ ಕೂತು ನನ್ನನ್ನು ಅಳೆಯಿತು. ಕುಪ್ಪಳಿಸಿ ಕೆಳಗಿಳಿಯಿತು. ಬಿದಿರು ಕೋಲು ನನ್ನ ಮೊಣಕಾಲಿಗೆ ತಾಗಿಯೇ ಇತ್ತು. ಎತ್ತಲಿಲ್ಲ. ಕಾಗೆ ಒಂದು ದಪ್ಪ ಬಂಗಡೆ ಆರಿಸಿ ಕುಕ್ಕತೊಡಗಿತು.

"ಹಾ!"

ಅಂಗಳದ ನಡುವಿನ ಕಂಬದಿಂದ ಬಂದ ಆ ಕೂಗಿಗೆ ಕಾಗೆ ಮಾತ್ರವಲ್ಲ, ನಾನೂ ಎದ್ದು ನಿಂತುಬಿಟ್ಟೆ. ಸ್ಪೀಕರಿನ ಮಾತು ನಾನು ಮರೆತೇಬಿಟ್ಟಿದ್ದೆ. ಎಲ್ಲಿ ಒತ್ತಬೇಕು ಅಂತ ಆಯಿಗೆ ತೋರಿಸಿಕೊಟ್ಟವಳು ತಂಗಿ, ಅದನ್ನೂ ಅವಳೇ ಆಮೇಲೆ ಅಳುಬುರುಕ ದನಿಯಲ್ಲಿ ಹೇಳಿದಳು. ಕಾಗೆ ಕಾ ಕಾ ಅನ್ನುತ್ತಾ ನದಿಯ ಕಡೆ ಹಾರಿತು. ಕಂಬ ಮತ್ತೆ ಮಾತಾಡಿತು, ತುಸು ಗೊರಗೊರ, ಆದರೆ ಪಕ್ಕದಲ್ಲೇ ಕೂತು ಬೈದಷ್ಟು ಹತ್ತಿರ.

"ಕೋಲು ನಿನ್ನ ಕಾಲ ಬುಡದಲ್ಲೇ ಅದೆ. ನಂಗೆ ಕಾಣುದಿಲ್ಲ ಅಂದ್ಕಂಡ್ಯಾ? ಎತ್ತೇ ಅದನ್ನ."

ನಾನು ಸೆರಗು ಸರಿಮಾಡಿಕೊಂಡು, ಕಂಬದ ಕಡೆ ಮುಖ ಮಾಡಿ ಮತ್ತೆ ಕೂತೆ. ಬೇಲಿಯ ಮೇಲೆ ಇನ್ನೊಂದು ಕಾಗೆ ಬಂದು ಕೂತಿತು. ಕೋಲು ಇದ್ದಲ್ಲೇ ಇತ್ತು.